ಎರಡು ಸೋಡಚೀಟಿ

ಮೂವತ್ತೆಂಟು ವರ್ಷ ವಕೀಲರ ಕಾರಕೂನನಾಗಿ ದುಡಿದವನು ನಾನು. ಬೈಲಹೊಂಗಲದ ಕೋರ್ಟಿನೆದುರು ಮಡಿವಾಳೆಪ್ಪ ವಕೀಲರ ಆಫೀಸು, ಅದರ ಬಾಗಿಲ ಪಕ್ಕದ ಮೇಜು ನನ್ನದು. ಒಳಗೆ ಹೋಗುವವರೆಲ್ಲ ನನ್ನನ್ನು ದಾಟಿಯೇ ಹೋಗಬೇಕು. ಹೊಲದ ಬದುವಿನ ಜಗಳದವರು ಬೀದಿಯಲ್ಲಿರುವಾಗಲೇ ಅವರ ದನಿ ಕೇಳುತ್ತದೆ. ಗಂಡ ಹೆಂಡತಿ ಬಿಡುವ ವಿಷಯಕ್ಕೆ ಬಂದವರು ಮಾತ್ರ ಮೊದಲ ದಿನ ಅಕ್ಕನ ಮಗಳ ಕಥೆ ಹೇಳುತ್ತಾರೆ, ಎರಡನೇ ದಿನ ನೆರೆಮನೆಯವರ ಕಥೆ. ಮೂರನೇ ಸಲಕ್ಕೆ, ನಾನು ಚಹಾ ತರಿಸಿ ಕೊಟ್ಟ ಮೇಲೆ, ಅದು ತಮ್ಮದೇ ಅಂತ ಬಾಯಿಬಿಡುತ್ತಾರೆ.

ಚನ್ನವ್ವ ಹಾಗೆ ಸುತ್ತಾಡಲಿಲ್ಲ. ೧೯೭೪ರ ಯುಗಾದಿ ಕಳೆದ ವಾರ ಮುರಗೋಡದಿಂದ ಬಸ್ಸಿನಲ್ಲಿ ಬಂದಳು, ಹಿಂದೆ ಅಣ್ಣ ವೀರಪ್ಪ. ಇಪ್ಪತ್ತೆಂಟರ ಹೆಂಗಸು. ಅರಿವೆಯಲ್ಲಿ ಸುತ್ತಿದ್ದ ಒಂದು ಕಾಗದವನ್ನು ಬಿಚ್ಚಿ ವಕೀಲರ ಮುಂದಿಟ್ಟಳು.

"ನನ್ನ ಗಂಡ ನನಗ ಸೋಡಚೀಟಿ ಕೊಟ್ಟು ಆರು ವರ್ಷಾತ್ರಿ. ಇದು ಕೋರ್ಟಿನ್ಯಾಗ ನಡೀತೈತೋ ಇಲ್ಲೋ, ಅಷ್ಟ ಹೇಳ್ರಿ."

ನಮ್ಮ ಕಡೆ ಸೋಡಚೀಟಿ ಅಂದರೆ ಪಂಚರನ್ನು ಕೂಡಿಸಿ, ಅವರೆದುರು ಗಂಡ ಹೆಂಡತಿಗೆ ಬರೆದುಕೊಡುವ ಬಿಡುಗಡೆಯ ಕಾಗದ. 'ಇಂದಿನಿಂದ ನಿನಗೂ ನನಗೂ ಸಂಬಂಧವಿಲ್ಲ, ನಿನ್ನ ಮನಸ್ಸಿಗೆ ಬಂದವರ ಕೂಡ ನೀನು ಉಡಿಕಿ ಆಗಬಹುದು' ಎಂದು ಅದರಲ್ಲಿರುತ್ತದೆ. ಉಡಿಕಿ ಅಂದರೆ ಹೆಂಗಸಿನ ಎರಡನೇ ಮದುವೆ. ಬಾಜಾಭಜಂತ್ರಿ ಇಲ್ಲದೆ, ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು.

ಅವಳು ಹೇಳಿದ ಸಂಗತಿ ಇಷ್ಟು. ಹದಿನಾರಕ್ಕೆ ಚಚಡಿಯ ನಿಜಗುಣಪ್ಪನಿಗೆ ಕೊಟ್ಟಿದ್ದರು. ಆರು ವರ್ಷ ಮಕ್ಕಳಾಗಲಿಲ್ಲ. ಅತ್ತೆ ಸಿದ್ದಲಿಂಗವ್ವ ಮುಂದೆ ನಿಂತು ಪಂಚರನ್ನು ಕೂಡಿಸಿ ಸೋಡಚೀಟಿ ಬರೆಸಿದಳು. ನಿಜಗುಣಪ್ಪ ಅದೇ ವರ್ಷ ಕೆಂಚವ್ವ ಎಂಬವಳನ್ನು ಮದುವೆಯಾದ, ಈಗ ಎರಡು ಮಕ್ಕಳು. ಇತ್ತ ಚನ್ನವ್ವನನ್ನು ಕೈಹಿಡಿಯಲು ಸತ್ಯಪ್ಪ ಎಂಬ ಸಾಲಿ ಮಾಸ್ತರರು ಮುಂದೆ ಬಂದಿದ್ದರು, ಹೆಂಡತಿ ತೀರಿದವರು. ಇನ್ನೇನು ಸೀರೆ ತರಬೇಕು ಅನ್ನುವಷ್ಟರಲ್ಲಿ ಯಾರೋ ಪುಣ್ಯಾತ್ಮರು, ಈ ಮಾಸ್ತರ ಪರರ ಹೆಂಡತಿಯನ್ನು ಕಟ್ಟಿಕೊಳ್ಳುತ್ತಿದ್ದಾನೆ ಎಂದು ಅವರ ಮೇಲಿನ ಆಫೀಸಿಗೆ ಮೂಗರ್ಜಿ ಬರೆದರು. ಕೋರ್ಟಿನ ಕಾಗದ ತರದೆ ಮದುವೆಯಾದರೆ ನೌಕರಿ ಹೋದೀತು ಎಂದು ಆಫೀಸು ಎಚ್ಚರಿಸಿತು. ಮಾಸ್ತರರ ತಾಯಿ ಒಂದು ವರ್ಷದ ಗಡುವು ಕೊಟ್ಟಳು. ಮುಂದಿನ ಯುಗಾದಿಯೊಳಗೆ ಕಾಗದ ಬರದಿದ್ದರೆ ಬೇರೆ ಹೆಣ್ಣು.

ವಕೀಲರು ಸೋಡಚೀಟಿಯನ್ನು ಎರಡು ಸಲ ಓದಿದರು.

"ನೋಡವಾ, ದಾರಿ ಎರಡ ಅದಾವ. ಮೊದಲನೇದು, ಬೆಳಗಾವಿ ಕೋರ್ಟಿನ್ಯಾಗ ಘಟಸ್ಫೋಟದ ಅರ್ಜಿ, ವಿಚ್ಛೇದನ ಅಂತಾರಲ್ಲ ಅದು. ನಿಜಗುಣಪ್ಪ ನನ್ನ ಗಂಡ, ನಾ ಬದುಕಿರೂ ಹೊತ್ತಿನ್ಯಾಗ ಕೆಂಚವ್ವ ಅನ್ನಾಕಿ ಕೂಡ ವ್ಯಭಿಚಾರ ಮಾಡಾಕತ್ಯಾನ, ಅಂತ ಬರೀಬೇಕು. ಎರಡು ಮಕ್ಕಳದಾವ, ಬ್ಯಾರೆ ಪುರಾವಿ ಬೇಕಾಗೂದಿಲ್ಲ. ಕೇಸು ಗೆಲ್ಲತೈತಿ."

"ಮತ್ತ ಈ ಕಾಗದ?"

"ಇದು ಸುಳ್ಳು ಅಂತ ನಾವ ಅಂದಂಗಾತು."

"ಕೆಂಚವ್ವ ಏನಾಗತಾಳ್ರಿ?"

"ಕಾಯದೆ ಪ್ರಕಾರ ಹೆಂಡತಿ ಅಲ್ಲ. ಇಟಗೊಂಡಾಕಿ."

"ಮಕ್ಕಳು?"

ವಕೀಲರು ಚಸ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಅವರ ಚಸ್ಮಾಕ್ಕೆ ಧೂಳೇನೂ ಇರಲಿಲ್ಲ. ಹೇಳಲಾರದ್ದನ್ನು ಕೇಳಿದಾಗ ಅವರು ಹಾಗೆ ಒರೆಸುತ್ತಿದ್ದರು.

"ಎರಡನೇ ದಾರಿ ಹೇಳ್ರಿ" ಎಂದಳು ಚನ್ನವ್ವ.

"ಕಾಯದೇದಾಗ ಒಂದು ಸಣ್ಣ ಕಿಟಕಿ ಬಿಟ್ಟಾರ. ಯಾವ ಜನದಾಗ ಸೋಡಚೀಟಿ ಕೊಟ್ಟು ಬಿಡೂ ರೂಢಿ ಹಿಂದಿನಿಂದ ಐತಿ, ಆ ಜನಕ್ಕ ಅದು ನಡೀತೈತಿ. ಅದಕ್ಕ ಇಲ್ಲೇ ಮುನಸೀಫ ಕೋರ್ಟಿನ್ಯಾಗ ದಾವೆ ಹಾಕಬಹುದು. ಆದ್ರ ರೂಢಿ ಐತಿ ಅಂತ ನಾವು ತೋರಸಬೇಕು. ನಿಮ್ಮ ಜನದ ಹಿರ್ಯಾರು ಬಂದು, ಇಂಥಾ ಮನ್ಯಾಗ, ಇಂಥಾಕಿಗೆ, ಇಂಥಾ ವರ್ಷ ಆಗೈತಿ ಅಂತ ಹೆಸರು ಹಿಡದು ಹೇಳಬೇಕು."

ಅಲ್ಲಿತನಕ ಬಾಯಿ ಬಿಡದಿದ್ದ ವೀರಪ್ಪ, "ಯಾರೂ ಹೇಳೂದಿಲ್ರಿ" ಎಂದ.

ಚನ್ನವ್ವ ಅಣ್ಣನ ಕಡೆ ತಿರುಗಲೂ ಇಲ್ಲ. "ವಕೀಲಸಾಹೇಬ್ರ, ಇಂಥಾ ಕೇಸು ನೀವು ಎಷ್ಟ ಗೆದ್ದೀರಿ?"

"ಒಂದೂ ನಡಿಸಿಲ್ಲವಾ."

ನನ್ನ ಕೈಯ ಪೆನ್ನು ನಿಂತಿತು. ಬಂದ ಕಕ್ಷಿದಾರರನ್ನು ಹೀಗೆ ಕಳುಹಿಸಿಕೊಡುವ ವಕೀಲರ ಕೈಕೆಳಗೆ ನಾನು ಬಾಳ್ವೆ ಮಾಡಬೇಕಲ್ಲ ಎಂದು ಸಿಟ್ಟೂ ಬಂತು. ಆದರೆ ಚನ್ನವ್ವ ಏಳಲಿಲ್ಲ.

"ಬೆಳಗಾವ್ಯಾಗ ಒಬ್ಬರ ಕಡೆ ಹೋಗಿದ್ವಿರಿ. ಇಪ್ಪತ್ತು ಗೆದ್ದೇನಿ ಅಂದ್ರು. ನನ್ನ ಮಾತು ಮುಗಿಯೂಕಿಂತ ಮೊದಲ ಅರ್ಜಿ ಟೈಪ್ ಮಾಡಾಕ ಹೇಳಿದ್ರು. ಆ ಮಕ್ಕಳು ಏನಾಗತಾವು ಅಂತ ಕೇಳಿದ್ರ, ಅದು ನಿನಗ ಯಾಕ ಬೇಕು ಅಂದ್ರು." ಕಾಗದ ಸುತ್ತಿದ್ದ ಅರಿವೆಯನ್ನು ಮಡಿಸುತ್ತ ಮುಂದುವರಿಸಿದಳು. "ಆ ಹುಡುಗ್ರು ನನಗೇನೂ ಆಗಬೇಕಿಲ್ರಿ. ಖರೇ ಹೇಳಬೇಕಂದ್ರ ಮೊದಲನೇದು ಹುಟ್ಟಿದ ಸುದ್ದಿ ಬಂದಾಗ ನಾ ಮೂರು ದಿನ ಉಂಡಿಲ್ಲ. ಆದ್ರೂ ನಾ ಹೆಸರು ಬರದು ಅವ್ರನ್ನ ಹಾದರದ ಮಕ್ಕಳು ಅನಸೂದಿಲ್ಲ. ಎರಡನೇ ದಾರಿ ಹಿಡೀರಿ."

ವಕಾಲತ್ತಿನ ಕಾಗದವನ್ನು ನಾನು ಮುಂದಿಟ್ಟೆ. ಹೆಬ್ಬೆಟ್ಟಿನ ಮಸಿ ಡಬ್ಬಿಯನ್ನೂ ತೆರೆದೆ. ಅವಳು ಡಬ್ಬಿಯನ್ನು ಬದಿಗೆ ಸರಿಸಿ, ಸಾಲಿಯಲ್ಲಿ ಕಲಿತ ನಾಲ್ಕನೇ ಇಯತ್ತೆಯ ದುಂಡು ಅಕ್ಷರದಲ್ಲಿ ಸಹಿ ಮಾಡಿದಳು.

ಸಾಕ್ಷಿ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಆ ಬೇಸಿಗೆಯೆಲ್ಲ ನಾನು ಮುರಗೋಡ, ಚಚಡಿ, ಹೂಲಿ, ಸವದತ್ತಿ ಅಂತ ಸೈಕಲ್ ತುಳಿದೆ. ಊರ ಬಾಯಿ ಮುಚ್ಚಲಾಗದು ಅನ್ನುತ್ತಾರೆ. ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರತಿ ಊರಿನಲ್ಲೂ ನನ್ನನ್ನು ಕಟ್ಟೆಯ ಕೆಳಗೆ ನಿಲ್ಲಿಸಿಯೇ ಮಾತಾಡಿಸಿದರು. ಪ್ರತಿಯೊಬ್ಬ ಹಿರಿಯನೂ, ಸೋಡಚೀಟಿ, ಉಡಿಕಿ ಎಲ್ಲ ಉಂಟು, ಆದರೆ ಪಕ್ಕದ ಊರಿನಲ್ಲಿ ಎಂದ. ಪಕ್ಕದ ಊರಿಗೆ ಹೋದರೆ ಅದು ಹಿಂದಿನ ಊರಿನಲ್ಲಿ. ಮೊದಲು ಇದೆಲ್ಲ ಅವರ ಮನೆಗಳಲ್ಲಿ ನಡೆದದ್ದೇ. ಆಮೇಲೆ ಮಕ್ಕಳು ಹೈಸ್ಕೂಲಿಗೆ ಹೋದರು, ಬೀಗತನ ದೊಡ್ಡದಾಯಿತು, ಅಜ್ಜಿಯಂದಿರ ಉಡಿಕಿಗಳನ್ನು ಕಾಳಿನಂತೆ ನೆಲದೊಳಗಿನ ಹಗೇವಿಗೆ ಹಾಕಿ ಮುಚ್ಚಿದರು.

ನಮ್ಮ ಓಣಿಯಲ್ಲಿ ಇಂಥ ಮುಚ್ಚುಮರೆ ಇರಲಿಲ್ಲ. ನಾವು ಬೌದ್ಧರಾಗಿ ಆರು ವರ್ಷವಾಗಿತ್ತು. ನಮ್ಮವ್ವ ಸಾವಂತ್ರೆವ್ವ ಗೋಡೆಯ ಮಾಡದಲ್ಲಿ ಬುದ್ಧನ ಪಕ್ಕ ಯಲ್ಲಮ್ಮನನ್ನೂ ಇಟ್ಟುಕೊಂಡು, ಇಬ್ಬರಿಗೂ ಒಂದೇ ಊದಿನಕಡ್ಡಿ ಹಚ್ಚುತ್ತಿದ್ದಳು. ನನ್ನಪ್ಪ ಅವಳ ಎರಡನೇ ಗಂಡ. ಮೊದಲನೆಯವನು ಕುಡಿದು ಹೊಡೆಯುತ್ತಿದ್ದ, ಪಂಚರನ್ನು ಕೂಡಿಸಿ ಅವಳೇ ಸೋಡಚೀಟಿ ಬರೆಸಿಕೊಂಡಳು. ಇದನ್ನು ನಳದ ಮುಂದೆ ಕೊಡ ತುಂಬುವ ಹೊತ್ತಿನಲ್ಲಿ ಯಾರಿಗೆ ಬೇಕಾದರೂ ಹೇಳುತ್ತಿದ್ದಳು. ನನ್ನ ಪಾಡು ಕೇಳಿ ನಕ್ಕಳು.

"ಬಾಳ್ಯಾ, ನನ್ನ ಕರಕೊಂಡು ನಡಿ. ಜಜ್ಜಸಾಹೇಬ್ರ ಮುಂದ ನಾ ಹೇಳತೇನಿ."

ವಕೀಲರಿಗೆ ತಿಳಿಸಿದೆ. "ನಿಮ್ಮವ್ವನಂಥಾ ಸಾಕ್ಷಿ ಸಿಗೂದು ನಮ್ಮ ಪುಣ್ಯ ಬಾಳೂ. ಆದ್ರ ಒಂದು ಜನದ ರೂಢಿ ಇನ್ನೊಂದು ಜನಕ್ಕ ನಡಿಯೂದಿಲ್ಲ" ಎಂದರು. ಬಾವಿ ಬೇರೆ, ಸುಡುಗಾಡು ಬೇರೆ, ರೂಢಿಯೂ ಬೇರೆ. ಅವರ ತಪ್ಪಲ್ಲ, ಕಾಯದೆಯೇ ಹಾಗಿತ್ತು. ಆದರೂ ಅವತ್ತು ನನಗೆ ಬಹಳ ಸಿಟ್ಟು ಬಂತು.

ಚನ್ನವ್ವನ ಸೋಡಚೀಟಿಗೆ ಸಹಿ ಹಾಕಿದ್ದ ಪಂಚರಲ್ಲಿ ಉಳಿದವರು ಚಚಡಿಯ ರಾಯಪ್ಪನವರು ಒಬ್ಬರೇ. ಅವರ ಕಿರಿಮಗಳಿಗೆ ಗಂಡು ನೋಡುತ್ತಿದ್ದರು. "ಸಹಿ ನಂದ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ರೂಢಿ ಅಂತ ನನ್ನ ಬಾಯಾಗ ಬರೂದಿಲ್ಲ ಬಾಳ್ಯಾ" ಅಂದುಬಿಟ್ಟರು.

ಅಲ್ಲಿಂದ ನಿಜಗುಣಪ್ಪನ ಮನೆಗೆ ಹೋದೆ. ಮೂವತ್ತೊಂಬತ್ತರ ಗಟ್ಟಿ ಆಳು. ನಾಲ್ಕು ಜನರೆದುರು ಹೌದು ಅನಿಸಿಕೊಳ್ಳುವ ಆಸೆ ಇದ್ದವನು.

"ನಾ ಕೊಟ್ಟದ್ದು ಖರೆ ಅಂತ ಹೇಳತೇನಿ. ಆಕಿ ಉಡಿಕಿ ಆಗಲಿ, ನಂದೇನೂ ತಕರಾರಿಲ್ಲ. ಆದ್ರ ನಮ್ಮ ಮನಿತನದಾಗ ಇದ ಮೊದಲನೇದು, ಇದ ಕಡೀದು. ರೂಢಿ ಗೀಢಿ ಅಂತ ನನ್ನ ಬಾಯಿಂದ ಹೊರಡಸಬ್ಯಾಡ್ರಿ."

ಪಡಸಾಲೆಯಲ್ಲಿ ಅವನ ತಾಯಿ ಸಿದ್ದಲಿಂಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಅರವತ್ತು ದಾಟಿದ ಮುದುಕಿ. ತಲೆಯೆತ್ತಲಿಲ್ಲ, ಆದರೆ ಅವಳ ಕೈ ಆಗಾಗ ನಿಲ್ಲುತ್ತಿತ್ತು. ನಾನು ಸೈಕಲ್ ಹತ್ತುವಾಗ ಕೆಂಚವ್ವ ಹಿತ್ತಲಿನಿಂದ ಸುತ್ತಿ ಬಂದಳು. ಕಂಕುಳಲ್ಲಿ ಕೂಸು.

"ಅಣ್ಣಾರ, ಕೇಸು ಸೋತ್ರ ನಾ ಏನಾಗತೇನ್ರಿ?"

ಕೋರ್ಟು ಆ ಸೋಡಚೀಟಿಯನ್ನು ತಳ್ಳಿಹಾಕಿದರೆ ಇವಳ ಮದುವೆಯೂ ಅದರ ಜೊತೆ ಬಿದ್ದು ಹೋಗುತ್ತಿತ್ತು. ಒರೆಸಲು ನನ್ನ ಬಳಿ ಚಸ್ಮಾವೂ ಇರಲಿಲ್ಲ. ಸುಮ್ಮನೆ ಪೆಡಲ್ ತುಳಿದೆ. ಹಿಂತಿರುಗಿ ನೋಡಿದಾಗ ಸಿದ್ದಲಿಂಗವ್ವ ಬಾಗಿಲಿಗೆ ಬಂದು ಸೊಸೆಯ ಹಿಂದೆ ನಿಂತಿದ್ದಳು.

ಕೇಸು ವಿಚಾರಣೆಗೆ ನಿಂತದ್ದು ಮುಂದಿನ ಫೆಬ್ರುವರಿಯಲ್ಲಿ. ಯುಗಾದಿಗೆ ಎರಡೇ ತಿಂಗಳು. ಚನ್ನವ್ವ ಹೇಳಿದಳು, ನಿಜಗುಣಪ್ಪ ಹೇಳಿದ, ಇಬ್ಬರೂ ಸೋಡಚೀಟಿಯನ್ನು ಒಪ್ಪಿದರು. ಕಾಗದದ ಮೇಲೆ ಪುರಾವೆಯ ಗುರುತಾಗಿ 'ನಿಶಾನಿ ಒಂದು' ಎಂದು ಬರೆಸಿ ಕೋರ್ಟು ತನ್ನ ಬಳಿ ಇಟ್ಟುಕೊಂಡಿತು.

ಮುನಸೀಫರು ವಯಸ್ಸಿನಲ್ಲಿ ಸಣ್ಣವರು, ಮೈಸೂರು ಕಡೆಯವರು, ಸಿಟ್ಟಿನವರಲ್ಲ. "ಇಬ್ಬರು ಒಪ್ಪಿಕೊಂಡ ಮಾತ್ರಕ್ಕೆ ರೂಢಿ ಹುಟ್ಟುವುದಿಲ್ಲ ವಕೀಲರೇ. ಹಿಂದಿನ ಉದಾಹರಣೆ ಎಲ್ಲಿದೆ?" ಎಂದರು.

ರಾಯಪ್ಪನವರನ್ನು ಕಟಕಟೆಗೆ ಕರೆಯಲಾಯಿತು. ನಮ್ಮ ವಕೀಲರು ನಾಲ್ಕು ರೀತಿಯಲ್ಲಿ ಕೇಳಿದರು. ನಾಲ್ಕು ಸಲವೂ ಅವರು, "ಅದೊಂದ ಸಲ ಆದದ್ದರಿ. ಅದಕ್ಕೂ ಮೊದಲಿನದು ನನಗ ಗೊತ್ತಿಲ್ಲ" ಎಂದರು. ವೀರಪ್ಪ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಚನ್ನವ್ವ ಮಾತ್ರ ನೆಟ್ಟಗೆ ನಿಂತಿದ್ದಳು. ಅವಳ ಮುಖ ನೋಡಲಾಗದೆ ನಾನು ಕಡತದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದೆ.

"ಬೇರೆ ಸಾಕ್ಷಿ?" ಎಂದರು ಮುನಸೀಫರು.

"ಸಾಕ್ಷಿ ಹೇಳಾಕ ನಾ ಅದೇನ್ರಿ" ಎಂದು ಬಾಗಿಲಿನಿಂದ ದನಿ ಬಂತು.

ಸಿದ್ದಲಿಂಗವ್ವ. ಅವಳ ತೋಳು ಹಿಡಿದು ಕೆಂಚವ್ವ. ಇಬ್ಬರೂ ಮೊದಲ ಬಸ್ಸು ತಪ್ಪಿ ಎರಡನೇ ಬಸ್ಸಿಗೆ ಬಂದಿದ್ದರು. ನಿಜಗುಣಪ್ಪ ಎದ್ದು, "ಯವ್ವಾ, ನೀ ಯಾಕ ಬಂದಿ?" ಎಂದ. "ನಿನ್ನ ಕೇಳಿ ಬರಬೇಕಾಗಿತ್ತೇನು?" ಎನ್ನುತ್ತ ಮುದುಕಿ ಅವನನ್ನು ದಾಟಿ ಹೋದಳು. ವಕೀಲರು ಅವಸರದಲ್ಲಿ ಮುನಸೀಫರ ಅಪ್ಪಣೆ ಕೇಳಿದರು, ಅವರು ಕೊಟ್ಟರು. ಪ್ರಮಾಣ ಮಾಡಿಸಿದಾಗ ಅದರ ಪ್ರತಿ ಶಬ್ದವನ್ನೂ ಅವಳು ನಿಧಾನವಾಗಿ ಹೇಳಿದಳು.

"ನಿಮ್ಮ ಜನದಾಗ ಸೋಡಚೀಟಿ ಕೊಡೂ ರೂಢಿ ಐತೇನಬೇ ಯವ್ವಾ?" ಎಂದರು ನಮ್ಮ ವಕೀಲರು.

"ಐತಿ."

"ನಿಮಗ ಹ್ಯಾಂಗ ಗೊತ್ತು?"

"ನನಗ ಕೊಟ್ಟಾರಲ್ಲ."

ಮುದುಕಿ ಕಟಕಟೆಯ ಕಟ್ಟಿಗೆ ಹಿಡಿದು ಮುಂದುವರಿಸಿದಳು.

"ನನ್ನ ಮೊದಲು ಹೂಲಿಗೆ ಕೊಟ್ಟಿದ್ರು. ಇಪ್ಪತ್ತು ತುಂಬಿರಲಿಲ್ಲ, ಸೋಡಚೀಟಿ ಬರದ್ರು. ಚಚಡಿಗೆ ನಾ ಉಡಿಕಿ ಆಗಿ ಬಂದಾಕಿ." ಬೆರಳನ್ನು ರಾಯಪ್ಪನವರ ಕಡೆ ತೋರಿಸಿದಳು. "ಉಡಿಕಿ ಇವರಪ್ಪನ ಮುಂದ ಆತು. ಇಂವ ಆಗ ಹತ್ತು ವರ್ಷದಂವ. ಸಕ್ಕರಿ ಕೊಟ್ಟಿದ್ದೆ, ತಿಂದಾನ."

ಸೊಂಟದ ಸಂಚಿ ಬಿಚ್ಚಿ ಅಡಿಕೆ ಎಲೆಗಳ ಕೆಳಗಿನಿಂದ ಮಡಿಸಿ ಮಡಿಸಿ ಬಟ್ಟೆಯಂತಾಗಿದ್ದ ಒಂದು ಕಾಗದ ತೆಗೆದಳು. ಮುಂಬೈ ಸರಕಾರದ ಕಾಲದ ಛಾಪಾ ಕಾಗದ, ೧೯೩೩ರದು. ಹಿಂಬದಿಯಲ್ಲಿ, ಅದನ್ನು ನೋಡಿ ಉಡಿಕಿಗೆ ಒಪ್ಪಿದ್ದಕ್ಕೆ, ರಾಯಪ್ಪನವರ ತಂದೆಯ ಸಹಿ. ನಮ್ಮ ವಕೀಲರ ಮುಖ ಅರಳಿತು. ಮೂವತ್ತು ವರ್ಷ ದಾಟಿದ ಕಾಗದವನ್ನು ಕೋರ್ಟು ಸುಲಭಕ್ಕೆ ಅನುಮಾನಿಸುವುದಿಲ್ಲ. ಹಳೆಯದಾದಷ್ಟೂ ಕಾಗದಕ್ಕೆ ಬೆಲೆ, ಹೆಂಗಸಿಗೆ ಆ ಸವಲತ್ತಿಲ್ಲ.

ಮುನಸೀಫರು ಕಾಗದ ಓದಿ ತಾವೇ ಕೇಳಿದರು. "ಮೊದಲನೆಯವರು ಏಕೆ ಬಿಟ್ಟರಮ್ಮ? ಇದರಲ್ಲಿ ಕಾರಣ ಬರೆದಿಲ್ಲ."

"ಮಕ್ಕಳಾಗಲಿಲ್ಲ ಅಂತ."

ಹೇಳಿ ಅವಳು ಮಗನ ಕಡೆ ನೋಡಿದಳು. "ಚಚಡಿಗೆ ಬಂದ ಎರಡು ವರ್ಷಕ್ಕ ಇಂವ ಹುಟ್ಟಿದ."

ಎಲ್ಲರೂ ನಿಜಗುಣಪ್ಪನನ್ನು ನೋಡಿದರು. ಗೊತ್ತಿದ್ದವರೆಲ್ಲ ನಲವತ್ತು ವರ್ಷ ಗೊತ್ತಿಲ್ಲದವರಂತೆ ಇದ್ದು ಇದ್ದು, ಮಗನ ಕಿವಿಗೆ ಅದು ಬಿದ್ದೇ ಇರಲಿಲ್ಲ. ಅವನು ಕುಳಿತುಕೊಂಡ. ರಾಯಪ್ಪನವರು ರುಮಾಲು ಸರಿಮಾಡಿಕೊಂಡರು. ಆ ಹಳೆಯ ಕಾಗದ 'ನಿಶಾನಿ ಎರಡು' ಆಯಿತು.

ಮಧ್ಯಾಹ್ನ ಕೋರ್ಟಿನ ಬೇವಿನ ಮರದ ಕೆಳಗೆ ಸಿದ್ದಲಿಂಗವ್ವ ಕುಳಿತಿದ್ದಳು. ಚನ್ನವ್ವ ಅವಳೆದುರು ಹೋಗಿ ನಿಂತಳು. ನಾನು ಹತ್ತಿರದಲ್ಲೇ ಇದ್ದೆ, ದೂರ ಹೋಗುವ ಮನಸ್ಸಾಗಲಿಲ್ಲ.

"ಅತ್ತೀ, ಅವತ್ತ ಪಂಚರು ಕೂಡಿದಾಗ ನೀವು ಇದನ್ನ ಹೇಳಿದ್ರ ನನ್ನ ಬಾಳ್ವೆ ಉಳೀತಿತ್ತು."

"ಹೌದು."

"ಗೊತ್ತಿತ್ತಲ್ಲ ನಿಮಗ."

"ಎಲ್ಲಾರಕಿಂತ ನನಗ ಚಲೋ ಗೊತ್ತಿತ್ತು. ಆದ್ರ ಹೇಳಿದ್ರ ನನ್ನ ಮಗ ಉಡಿಕಿ ಮಗ ಅನಿಸಿಕೊಳ್ಳತಿದ್ದ. ಬಾಯಿ ಮುಚ್ಚಿಕೊಂಡು ನಿನ್ನ ಹೊರಗ ಹಾಕಿದೆ. ನನಗ ಮಾಡಿದ್ದನ್ನ ನಾ ನಿನಗ ಮಾಡಿದೆ."

ಚನ್ನವ್ವನ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ಮತ್ತ ಇವತ್ತ ಯಾಕ ಬಂದ್ರಿ? ನನ್ನ ಸಲುವಾಗಿ ಏನ್ರಿ?"

ಮುದುಕಿ ಸಂಚಿಯ ದಾರ ಎಳೆದು ಬಿಗಿದಳು. "ಈ ಕೆಂಚಿ ದಿನಾ ಅಳತಿದ್ಲು. ಮೊಮ್ಮಕ್ಕಳು ಏನಾಗತಾವ ಅಂತ ಬಂದೆ. ಅರ್ಧಾ ಅವರ ಸಲುವಾಗಿ, ಅರ್ಧಾ ನಿನ್ನ ಸಲುವಾಗಿ. ಪೂರಾ ನಿನ್ನ ಸಲುವಾಗಿ ಅಂತ ಅಂದೇನು, ಆದ್ರ ಈಗ ತಾನ ಪ್ರಮಾಣ ಮಾಡಿ ಬಂದೇನಿ."

ಚನ್ನವ್ವ ಕ್ಷಮಿಸಿದೆ ಅನ್ನಲಿಲ್ಲ. ಕಾಲಿಗೂ ಬೀಳಲಿಲ್ಲ. ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ, ಒಂದನ್ನು ಮುದುಕಿಯ ಕೈಗೆ, ಒಂದನ್ನು ಕೆಂಚವ್ವನ ಕೈಗೆ ಕೊಟ್ಟಳು. ಮೂವರೂ ಅಲ್ಲೇ ಕುಳಿತು ತಿಂದರು. ನಿಜಗುಣಪ್ಪ ದೂರದ ಪಾನಪಟ್ಟಿ ಅಂಗಡಿಯ ಮುಂದೆ ಬೆನ್ನು ಮಾಡಿ ನಿಂತಿದ್ದ.

ಮುಂದಿನ ತಾರೀಖಿಗೆ ಮೂರು ಜನ ತಾವಾಗಿಯೇ ಬಂದರು. ಹೂಲಿಯ ಮುದುಕನೊಬ್ಬ ತನ್ನ ತಾಯಿಯ ಹೆಸರು ಹೇಳಿದ. ಸವದತ್ತಿಯ ಒಬ್ಬಾಕೆ ತನ್ನದೇ ಹೆಸರು ಹೇಳಿದಳು. ರಾಯಪ್ಪನವರೂ ಬಂದು, ಹಿಂದಿನ ಸಲ ನೆನಪು ಸರಿಯಿರಲಿಲ್ಲ ಎಂದರು. ಯುಗಾದಿಗೆ ಹನ್ನೊಂದು ದಿನ ಮೊದಲು ತೀರ್ಪು ಬಂತು. ಸೋಡಚೀಟಿ ರೂಢಿಯಂತೆ ನಡೆದದ್ದು, ಚನ್ನವ್ವ ಬಿಡುಗಡೆಯಾದ ಹೆಂಗಸು. ನಕಲು ಪ್ರತಿಯನ್ನು ನಾನೇ ಮುರಗೋಡಕ್ಕೆ ಒಯ್ದು ಕೊಟ್ಟೆ. ಅದನ್ನು ಅವಳು ಗಟ್ಟಿಯಾಗಿ, ನಾಲ್ಕನೇ ಇಯತ್ತೆಯ ರಾಗದಲ್ಲಿ, ಮನೆಯವರೆಲ್ಲ ಕೇಳುವಂತೆ ಓದಿದಳು. ಯುಗಾದಿಯ ಮರುದಿನ ಮಾಸ್ತರರ ಮನೆ ಸೇರಿದಳು.

ಆಮೇಲೆ ಒಮ್ಮೆ ಸಿದ್ದಲಿಂಗವ್ವ ನಮ್ಮ ಆಫೀಸಿಗೆ ಬಂದಿದ್ದಳು. ತನ್ನ ಕಾಗದ ವಾಪಸು ಬೇಕಿತ್ತು. ಒಂದು ಅರ್ಜಿ ಕೊಟ್ಟರೆ ಸಿಗುತ್ತದೆ ಎಂದು ನಾನು ಬರೆಯಲು ಕುಳಿತೆ. ಅರ್ಧ ಬರೆದಾಗ ತಡೆದಳು.

"ಬ್ಯಾಡ ಬಿಡಪಾ. ನಲವತ್ತು ವರ್ಷ ಯಾರಿಗೂ ಕಾಣಬಾರದು ಅಂತ ಇಟಗೊಂಡಿದ್ದೆ. ಈಗ ಎಲ್ಲಾರಿಗೂ ಗೊತ್ತಾತಲ್ಲ, ಇನ್ನ ಅದನ್ನ ಕಟಗೊಂಡು ಏನ ಮಾಡ್ಲಿ? ಚನ್ನವ್ವನ ಕಾಗದದ ಕೂಡ ಅಲ್ಲೇ ಇರಲಿ."

ಈ ಕೇಸಿನ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಓದಿದವರು, ಓದದವರು, ನಮ್ಮ ವಕೀಲರ ಬೀಗರು, ಒಬ್ಬ ಡಾಕ್ಟರರು ಕೂಡ. ಎಲ್ಲರೂ ಮನಸ್ಸಿಟ್ಟು ಕೇಳಿ, ಛೇ ಪಾಪ ಅಂದು, ಕೊನೆಗೆ ಒಂದೇ ಮಾತು ಕೇಳುತ್ತಾರೆ. ಮುಂದೆ ಚನ್ನವ್ವನಿಗೆ ಮಕ್ಕಳಾದವೇನು?

ನನಗೆ ಗೊತ್ತು. ಆದರೆ ನಾನು ಹೇಳುವುದಿಲ್ಲ.